ಡ್ರೀಮ್‌ಲ್ಯಾಂಡ್: ಸುಟ್ಟ ಮೇಲೂ ಎದ್ದು ನಿಂತ ಥಿಯೇಟರ್ ಕೊನೆಗೆ ಎಲ್ಲಿ ಹೋಯಿತು?

ಟಲ್ಸಾ ಎಂಬ ಹೆಸರು ಒಂದೆರಡು ವರ್ಷಗಳಿಂದ ಸುದ್ದಿಯಲ್ಲಿ ಮತ್ತೆ ಮತ್ತೆ ಬರುತ್ತಿದೆ. ಅದು ಅಮೆರಿಕದ ಓಕ್ಲಹೋಮ ರಾಜ್ಯದ ಊರು. ಪರಿಹಾರ ಕೇಳಿ ಕೋರ್ಟಿಗೆ ಹೋಗಿದ್ದ, ನೂರು ದಾಟಿದ ಇಬ್ಬರು ಅಜ್ಜಿಯರ ದಾವೆಯನ್ನು 2024ರ ಜೂನ್‌ನಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ವಜಾ ಮಾಡಿತು. 2025ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಅದೇ ಘಟನೆಯ ಬಗ್ಗೆ ವರದಿ ಕೊಟ್ಟಿತು. ಆ ವರ್ಷದ ಜೂನ್ 1ರಂದು ಟಲ್ಸಾದ ಮೇಯರ್ ಮನ್ರೋ ನಿಕೋಲ್ಸ್ 10.5 ಕೋಟಿ ಡಾಲರ್‌ನ ಟ್ರಸ್ಟ್ ಒಂದರ ಯೋಜನೆ ಪ್ರಕಟಿಸಿದರು.

ಇಷ್ಟೆಲ್ಲಾ ನಡೆಯುತ್ತಿರುವುದು ನೂರು ವರ್ಷ ಹಿಂದಿನ ಒಂದು ರಾತ್ರಿ ಮತ್ತು ಒಂದು ಹಗಲಿಗಾಗಿ. 1921ರ ಮೇ 31 ಮತ್ತು ಜೂನ್ 1. ಆ ಎರಡು ದಿನದಲ್ಲಿ ಕಪ್ಪು ಜನರ ಒಂದು ಇಡೀ ಬಡಾವಣೆ ಸುಟ್ಟುಹೋಯಿತು.

ಒಂದು ಬಡಾವಣೆಯ ಕಥೆಯನ್ನು ಒಂದೇ ಸಲಕ್ಕೆ ಹಿಡಿಯುವುದು ಕಷ್ಟ. ಸತ್ತವರ ಸಂಖ್ಯೆ, ನಷ್ಟದ ಲೆಕ್ಕ ಓದುತ್ತಾ ಹೋದರೆ ಅಲ್ಲಿ ಬದುಕಿದ ಜನ ಕಾಣುವುದೇ ಇಲ್ಲ. ಅದಕ್ಕೇ ಇಲ್ಲಿ ಒಂದೇ ಒಂದು ಕಟ್ಟಡದ ಹಿಂದೆ ಹೋಗೋಣ. ಅದು 750 ಸೀಟಿನ ಸಿನಿಮಾ ಥಿಯೇಟರ್. ಹೆಸರು ಡ್ರೀಮ್‌ಲ್ಯಾಂಡ್.

ಕಪ್ಪು ಜನರಿಗೆ ಬೇರೆ ಥಿಯೇಟರ್ ಯಾಕೆ?

ನಮ್ಮಲ್ಲಿ ಬಾಲ್ಕನಿ ಅಂದರೆ ದುಡ್ಡು ಜಾಸ್ತಿ ಕೊಟ್ಟವರ ಜಾಗ. ಮುಂದಿನ ಬೆಂಚು ಗಾಂಧಿ ಕ್ಲಾಸ್. ಆಗಿನ ಅಮೆರಿಕದ ದಕ್ಷಿಣದ ಊರುಗಳಲ್ಲಿ ಇದು ತಿರುವುಮುರುವು. ಅಲ್ಲಿ ಬಾಲ್ಕನಿ ಕಪ್ಪು ಜನರಿಗೆ ಅಂತ ಬಿಟ್ಟ ಜಾಗ. ಟಿಕೆಟ್ ಕೊಂಡರೂ ಮುಂಬಾಗಿಲಿನಿಂದ ಒಳಗೆ ಹೋಗುವ ಹಾಗಿರಲಿಲ್ಲ. ಪಕ್ಕದ ಓಣಿಗೆ ಹೋಗಬೇಕು, ಅಲ್ಲಿಂದ ಮೆಟ್ಟಿಲು ಹತ್ತಬೇಕು, ಎಲ್ಲಕ್ಕಿಂತ ಹಿಂದೆ, ಎಲ್ಲಕ್ಕಿಂತ ಮೇಲೆ ಕೂರಬೇಕು. ಆ ಜಾಗಕ್ಕೆ ಬಿಳಿಯರು ಇಟ್ಟಿದ್ದ ಅಡ್ಡಹೆಸರು 'ಕಾಗೆ ಗೂಡು'. ಕೆಲವು ಥಿಯೇಟರ್‌ಗಳಲ್ಲಿ ಅದೂ ಇಲ್ಲ. ಬಿಳಿಯರ ಆಟಗಳೆಲ್ಲ ಮುಗಿದ ಮೇಲೆ, ನಡುರಾತ್ರಿ, ಕಪ್ಪು ಜನರಿಗೆ ಅಂತ ಒಂದು ಆಟ ಹಾಕುತ್ತಿದ್ದರು.

ಈ ಬೇರ್ಪಡಿಸುವ ಏರ್ಪಾಡಿಗೆ ಜಿಮ್ ಕ್ರೋ ಅಂತ ಹೆಸರು. ಅದು ಯಾವುದೋ ಒಂದು ಕಾನೂನಿನ ಹೆಸರಲ್ಲ. ನೂರಾರು ಕಾನೂನು ಮತ್ತು ಕಟ್ಟಳೆಗಳಿಗೆ ಒಟ್ಟಾಗಿ ಬಿದ್ದ ಹೆಸರು. ರೈಲು, ಶಾಲೆ, ಹೋಟೆಲ್, ಆಸ್ಪತ್ರೆ, ಕುಡಿಯುವ ನೀರಿನ ನಲ್ಲಿ, ಎಲ್ಲದರಲ್ಲೂ ಬೇರೆ ಬೇರೆ. ಚಹಾದಂಗಡಿಯಲ್ಲಿ ಕೆಲವರಿಗೆ ಬೇರೆ ಲೋಟ ಇಡುವುದನ್ನು ನೋಡಿದ ನಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಇದಕ್ಕೆ ಒಪ್ಪಿಗೆ ಕೊಟ್ಟಿತು. ಎರಡೂ ಕಡೆಯವರಿಗೆ ಸಮಾನ ಸೌಲಭ್ಯ ಇದ್ದರೆ ಬೇರೆ ಬೇರೆ ಇಡುವುದು ತಪ್ಪಲ್ಲ ಅಂದಿತು. ಬೇರೆ ಇಡುವುದು ಎಲ್ಲ ಕಡೆ ಜಾರಿಗೆ ಬಂತು. ಸಮಾನತೆ ಮಾತ್ರ ಬರಲಿಲ್ಲ.

ಹಾಗಾಗಿ ಕಪ್ಪು ಜನ ತಮ್ಮದೇ ಥಿಯೇಟರ್ ಕಟ್ಟಿಕೊಂಡರು. ಅಲ್ಲಿ ಮುಂಬಾಗಿಲಿನಿಂದ ಹೋಗಬಹುದು, ಬೇಕಾದ ಸೀಟಿನಲ್ಲಿ ಕೂರಬಹುದು.

ಹಳಿಯ ಆಚೆ ಬದಿ

1905ರಲ್ಲಿ ಟಲ್ಸಾ ಹತ್ತಿರ ದೊಡ್ಡ ಎಣ್ಣೆ ನಿಕ್ಷೇಪ ಸಿಕ್ಕಿತು. ಊರಿಗೆ ದುಡ್ಡು ಹರಿದು ಬಂತು. ದುಡ್ಡಿನ ಹಿಂದೆ ಜನ ಬಂದರು, ಬಿಳಿಯರೂ ಕಪ್ಪು ಜನರೂ. 1907ರಲ್ಲಿ ಓಕ್ಲಹೋಮ ರಾಜ್ಯವಾಯಿತು. ಹೊಸ ರಾಜ್ಯದ ಶಾಸನಸಭೆ ಮಾಡಿದ ಮೊಟ್ಟಮೊದಲ ಕಾನೂನೇ ರೈಲಿನಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಡಬ್ಬಿ ಇರಬೇಕು ಅನ್ನುವುದು.

ಟಲ್ಸಾದ ನಡುವೆ ಫ್ರಿಸ್ಕೋ ಕಂಪನಿಯ ರೈಲು ಹಳಿ ಹಾದುಹೋಗುತ್ತಿತ್ತು. ಹಳಿಯ ದಕ್ಷಿಣಕ್ಕೆ ಬಿಳಿಯರ ಪೇಟೆ, ಉತ್ತರಕ್ಕೆ ಕಪ್ಪು ಜನರ ಗ್ರೀನ್‌ವುಡ್. 1921ರ ಹೊತ್ತಿಗೆ ಅಲ್ಲಿ ಸುಮಾರು 10,000 ಜನ ಇದ್ದರು. ದಿನಸಿ ಅಂಗಡಿ, ಹೋಟೆಲ್, ಡಾಕ್ಟರು, ವಕೀಲರು, ಎರಡು ಪತ್ರಿಕೆ, ಹತ್ತಾರು ಚರ್ಚು ಇದ್ದವು.

ಈ ಅಂಗಡಿಗಳಿಗೆ ದುಡ್ಡು ಬರುತ್ತಿದ್ದದ್ದು ಎಲ್ಲಿಂದ? ಗ್ರೀನ್‌ವುಡ್‌ನ ಬಹಳ ಜನ ಹಳಿ ದಾಟಿ ಬಿಳಿಯರ ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಅಡುಗೆ, ಬಟ್ಟೆ, ಮಕ್ಕಳನ್ನು ನೋಡಿಕೊಳ್ಳುವುದು, ಕಾರು ಓಡಿಸುವುದು. ಸಂಬಳ ಅಲ್ಲಿಂದ ಬರುತ್ತಿತ್ತು. ಆದರೆ ಅಲ್ಲಿನ ಬಹಳಷ್ಟು ಅಂಗಡಿ ಮತ್ತು ಹೋಟೆಲುಗಳಲ್ಲಿ ಅವರಿಗೆ ಮರ್ಯಾದೆ ಇರಲಿಲ್ಲ. ಹಾಗಾಗಿ ಸಂಬಳ ಹಳಿ ದಾಟಿ ಗ್ರೀನ್‌ವುಡ್‌ಗೇ ಬಂದು ಖರ್ಚಾಗುತ್ತಿತ್ತು. ಮನೆಗೆಲಸದ ಹೆಂಗಸರಿಗೆ ಗುರುವಾರ ರಜ. ಆ ಸಂಜೆ ಒಳ್ಳೆಯ ಬಟ್ಟೆ ತೊಟ್ಟು ಎಲ್ಲರೂ ಗ್ರೀನ್‌ವುಡ್ ಬೀದಿಗೆ ಬರುತ್ತಿದ್ದರು. ಸಿನಿಮಾ ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ದಿನ ಬೇಕಾ?

ಮೆಕ್ಯಾನಿಕ್ ಮತ್ತು ಟೀಚರಮ್ಮ

ಡ್ರೀಮ್‌ಲ್ಯಾಂಡ್ ಕಟ್ಟಿದವರು ಜಾನ್ ವಿಲಿಯಮ್ಸ್ ಮತ್ತು ಅವರ ಹೆಂಡತಿ ಲೂಲಾ ವಿಲಿಯಮ್ಸ್. ಜಾನ್ ಐಸ್‌ಕ್ರೀಂ ಕಂಪನಿಯೊಂದರಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು. ಲೂಲಾ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಜಾನ್ ಒಂದು ಕಾರು ಕೊಂಡರು. ಟಲ್ಸಾದ ಕಪ್ಪು ಜನರಲ್ಲಿ ಕಾರು ಕೊಂಡ ಮೊದಲಿಗರು ಅವರೇ ಅಂತ ಹೇಳುತ್ತಾರೆ. ಅದು ಕೆಟ್ಟಾಗ ತಾವೇ ಬಿಚ್ಚಿ ರಿಪೇರಿ ಮಾಡಿಕೊಂಡರು. ಆಮೇಲೆ ಊರವರ ಕಾರುಗಳೂ ಅವರ ಹತ್ತಿರವೇ ಬರತೊಡಗಿದವು. ಕೆಲಸ ಬಿಟ್ಟು ಗ್ಯಾರೇಜ್ ಹಾಕಿದರು.

ಗಂಡ, ಹೆಂಡತಿ, ಪುಟ್ಟ ಮಗ ಮೂವರೂ ಆ ಕಾರಿನಲ್ಲಿ ಕೂತಿರುವ ಒಂದು ಹಳೆಯ ಫೋಟೋ ಇದೆ. ಟಲ್ಸಾ ಬಗ್ಗೆ ಬರುವ ಹೆಚ್ಚಿನ ಪುಸ್ತಕಗಳಲ್ಲಿ ಅದು ಇದ್ದೇ ಇರುತ್ತದೆ. ಒಂದು ಫೋಟೋ ನೋಡಿ ಗ್ರೀನ್‌ವುಡ್ ಅಂದರೆ ಏನು ಅಂತ ತಿಳಿಯಬೇಕು ಅಂದರೆ ನಾನು ಅದನ್ನೇ ತೋರಿಸುತ್ತೇನೆ.

ಗ್ಯಾರೇಜಿನ ದುಡ್ಡಿನಿಂದ ಗ್ರೀನ್‌ವುಡ್ ಮತ್ತು ಆರ್ಚರ್ ರಸ್ತೆಗಳು ಸೇರುವ ಮೂಲೆಯಲ್ಲಿ ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡ ಎದ್ದಿತು. ಕೆಳಗೆ ಐಸ್‌ಕ್ರೀಂ, ಸೋಡಾ, ಮಿಠಾಯಿ ಅಂಗಡಿ. ನಡುವೆ ಮನೆ. ಮೇಲೆ ಡಾಕ್ಟರು, ವಕೀಲರಿಗೆ ಬಾಡಿಗೆ. ಗ್ರೀನ್‌ವುಡ್‌ನ ಹುಡುಗರು ಹುಡುಗಿಯರನ್ನು ಮದುವೆಯಾಗ್ತೀಯಾ ಅಂತ ಅತಿ ಹೆಚ್ಚು ಕೇಳಿದ್ದು ಆ ಸೋಡಾ ಅಂಗಡಿಯಲ್ಲೇ ಅನ್ನುವ ಮಾತು ಊರಿನಲ್ಲಿತ್ತು.

1914ರಲ್ಲಿ ಅದೇ ಬೀದಿಯಲ್ಲಿ ಡ್ರೀಮ್‌ಲ್ಯಾಂಡ್ ಶುರುವಾಯಿತು. ಅದನ್ನು ನಡೆಸಿದ್ದು ಲೂಲಾ. ಆಮೇಲೆ ಪಕ್ಕದ ಮಸ್ಕೋಗೀ ಮತ್ತು ಓಕ್‌ಮಲ್ಗೀ ಊರುಗಳಲ್ಲೂ ಅವರು ಥಿಯೇಟರ್ ನಡೆಸಿದರು. ಅಮೆರಿಕದಲ್ಲಿ ಎಲ್ಲ ರಾಜ್ಯಗಳ ಹೆಂಗಸರಿಗೆ ವೋಟಿನ ಹಕ್ಕು ಬಂದಿದ್ದು 1920ರಲ್ಲಿ. ಅದಕ್ಕೂ ಆರು ವರ್ಷ ಮುಂಚೆಯೇ ಒಬ್ಬ ಕಪ್ಪು ಹೆಂಗಸು 750 ಸೀಟಿನ ಥಿಯೇಟರ್ ನಡೆಸುತ್ತಿದ್ದರು.

ಒಳಗೆ ಏನು ತೋರಿಸುತ್ತಿದ್ದರು?

ಆಗಿನ್ನೂ ಸಿನಿಮಾಕ್ಕೆ ಮಾತು ಬಂದಿರಲಿಲ್ಲ. ಒಂದು ರೀಲು ಹತ್ತು-ಹದಿನೈದು ನಿಮಿಷ ಓಡುತ್ತಿತ್ತು. ಪಾತ್ರಗಳ ಮಾತು ಪರದೆಯ ಮೇಲೆ ಅಕ್ಷರದಲ್ಲಿ ಬರುತ್ತಿತ್ತು. ಸಂಗೀತಕ್ಕೆ ಥಿಯೇಟರಿನಲ್ಲೇ ಪಿಯಾನೊ ಇರುತ್ತಿತ್ತು. ಪರದೆ ನೋಡಿಕೊಂಡು ನುಡಿಸಬೇಕು. ಕುದುರೆ ಓಡಿದರೆ ಪಿಯಾನೊ ಕೂಡ ಓಡಬೇಕು. ಸಿನಿಮಾದ ಜೊತೆಗೆ ಹಾಡು, ಕುಣಿತ, ನಾಟಕ ಎಲ್ಲವೂ ಡ್ರೀಮ್‌ಲ್ಯಾಂಡ್‌ನ ವೇದಿಕೆಯ ಮೇಲೆ ನಡೆಯುತ್ತಿದ್ದವು.

ಪರದೆಯ ಮೇಲೆ ಕಾಣುತ್ತಿದ್ದವರು ಹೆಚ್ಚಾಗಿ ಬಿಳಿಯರೇ. ಕಪ್ಪು ಪಾತ್ರ ಬಂದರೆ ಆಳು, ಕಳ್ಳ, ಇಲ್ಲವೇ ನಗೆಪಾಟಲಿನವನು. ಎಷ್ಟೋ ಸಲ ಆ ಪಾತ್ರ ಮಾಡುತ್ತಿದ್ದವನು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ. ಇದಕ್ಕೆ ಉತ್ತರವಾಗಿ ಕಪ್ಪು ಜನ ತಮ್ಮದೇ ಸಿನಿಮಾ ಮಾಡತೊಡಗಿದರು. 1916ರಲ್ಲಿ ನೋಬಲ್ ಜಾನ್ಸನ್ ಎಂಬ ನಟ ಮತ್ತು ಅವರ ತಮ್ಮ ಜಾರ್ಜ್ ಸೇರಿ ಲಿಂಕನ್ ಮೋಷನ್ ಪಿಕ್ಚರ್ ಕಂಪನಿ ನಡೆಸಿದರು. 1919ರಲ್ಲಿ ಆಸ್ಕರ್ ಮಿಶೋ ತಮ್ಮ ಮೊದಲ ಸಿನಿಮಾ ತೆಗೆದರು. ಇವುಗಳಲ್ಲಿ ಕಪ್ಪು ನಟರೇ ಡಾಕ್ಟರು, ಸೈನಿಕರು, ಪ್ರೇಮಿಗಳು. ಇಂಥ ಚಿತ್ರಗಳಿಗೆ 'ರೇಸ್ ಫಿಲ್ಮ್' ಅನ್ನುತ್ತಿದ್ದರು. ಇಲ್ಲಿ ರೇಸ್ ಅಂದರೆ ಓಟದ ಪಂದ್ಯ ಅಲ್ಲ, ಜನಾಂಗ.

ಒಂದು ಸಿನಿಮಾ ಬದುಕಬೇಕಾದರೆ ಅದನ್ನು ಹಾಕುವ ಥಿಯೇಟರ್ ಬೇಕು, ಅಲ್ವಾ? ಬಿಳಿಯರ ಥಿಯೇಟರ್‌ಗಳು ಇವನ್ನು ಮುಟ್ಟುತ್ತಿರಲಿಲ್ಲ. ದೇಶದ ಉದ್ದಗಲಕ್ಕೂ ಡ್ರೀಮ್‌ಲ್ಯಾಂಡ್‌ನಂಥ ಥಿಯೇಟರ್‌ಗಳು ಇದ್ದುದರಿಂದಲೇ ಆ ಚಿತ್ರರಂಗ ಉಸಿರಾಡಿತು.

ಮೇ 31ರ ರಾತ್ರಿಯ ಆಟ

1921ರ ಮೇ 30. ಡಿಕ್ ರೋಲೆಂಡ್ ಎಂಬ 19ರ ಕಪ್ಪು ಹುಡುಗ ಪೇಟೆಯಲ್ಲಿ ಬೂಟ್ ಪಾಲಿಶ್ ಮಾಡುತ್ತಿದ್ದ. ಅಲ್ಲಿ ಅವನಿಗೆ ಶೌಚಾಲಯ ಇರಲಿಲ್ಲ. ಕಪ್ಪು ಜನ ಬಳಸಬಹುದಾದದ್ದು ಡ್ರೆಕ್ಸೆಲ್ ಕಟ್ಟಡದ ಕೊನೇ ಅಂತಸ್ತಿನಲ್ಲಿತ್ತು. ಅಲ್ಲಿಗೆ ಹೋಗಲು ಲಿಫ್ಟ್ ಹತ್ತಿದ ಅಂತ ನಂಬಲಾಗಿದೆ. ಲಿಫ್ಟ್ ನಡೆಸುತ್ತಿದ್ದ ಬಿಳಿಯ ಹುಡುಗಿ ಸಾರಾ ಪೇಜ್ ಕಿರುಚಿದ್ದು ಕೇಳಿಸಿತು. ಅವನು ಎಡವಿ ಅವಳ ಕೈಯನ್ನೋ ಕಾಲನ್ನೋ ತುಳಿದಿರಬೇಕು ಅನ್ನುವುದು ಹೆಚ್ಚಿನವರ ಅಂದಾಜು. ಮಾರನೇ ದಿನ ಅವನನ್ನು ಹಿಡಿದರು. ಅವನ ಮೇಲಿನ ಕೇಸನ್ನು ಮುಂದೆ ಕೈಬಿಡಲಾಯಿತು. ಆದರೆ ಅಂದು ಸಂಜೆಯ ಪತ್ರಿಕೆಯೊಂದು, ಹುಡುಗಿಯ ಮೇಲೆ ಕೈಮಾಡಿದ ಅಂತ ಬರೆಯಿತು. ಕತ್ತಲಾಗುವ ಹೊತ್ತಿಗೆ ಕೋರ್ಟ್ ಕಟ್ಟಡದ ಮುಂದೆ ನೂರಾರು ಬಿಳಿಯರು ಜಮಾಯಿಸಿದರು. ಅವನನ್ನು ಎಳೆದು ಹೊಡೆದು ಕೊಲ್ಲುತ್ತಾರೆ ಅನ್ನುವ ಸುದ್ದಿ ಗ್ರೀನ್‌ವುಡ್ ಮುಟ್ಟಿತು.

ಆ ಹೊತ್ತಿಗೆ ಡ್ರೀಮ್‌ಲ್ಯಾಂಡ್‌ನಲ್ಲಿ ಆಟ ನಡೆಯುತ್ತಿತ್ತು. ಪ್ರೇಕ್ಷಕರಲ್ಲಿ ಜಾನ್ ಮತ್ತು ಲೂಲಾ ಅವರ ಮಗ ಬಿಲ್ ಕೂಡ ಇದ್ದ. ಅವನಿಗೆ 16 ವರ್ಷ. ಇದ್ದಕ್ಕಿದ್ದಂತೆ ಒಬ್ಬ ವೇದಿಕೆ ಹತ್ತಿ, ಇದನ್ನು ನಡೆಯಲು ಬಿಡಬಾರದು, ಪೇಟೆಗೆ ಹೋಗಿ ತಡೆಯೋಣ, ಥಿಯೇಟರ್ ಮುಚ್ಚಿ ಅಂತ ಕೂಗಿದ. ಇದನ್ನು ಮುಂದೆ ಬಿಲ್ ಅವರೇ ಹೇಳಿದ್ದಾರೆ. ಆಟ ಅಲ್ಲಿಗೇ ನಿಂತಿತು.

ರಾತ್ರಿ ಹತ್ತರ ಹೊತ್ತಿಗೆ ಸುಮಾರು 75 ಕಪ್ಪು ಗಂಡಸರು, ಕೆಲವರು ಮಹಾಯುದ್ಧದಿಂದ ಮರಳಿದ ಸೈನಿಕರು, ಬಂದೂಕು ಹಿಡಿದು ಕೋರ್ಟ್ ಹತ್ತಿರ ಹೋದರು. ಹುಡುಗನನ್ನು ಕಾಯಲು ನೆರವಾಗುತ್ತೇವೆ ಅಂದರು. ತಳ್ಳಾಟದಲ್ಲಿ ಒಂದು ಗುಂಡು ಹಾರಿತು. ಪೊಲೀಸರು ನೂರಾರು ಬಿಳಿಯರಿಗೆ ಅಲ್ಲೇ ಬ್ಯಾಡ್ಜ್ ಕೊಟ್ಟು ವಿಶೇಷ ಪೊಲೀಸರನ್ನಾಗಿ ಮಾಡಿದರು. ಜಾನ್ ವಿಲಿಯಮ್ಸ್ ತಮ್ಮ ಕಟ್ಟಡದಿಂದ ರೈಲು ಹಳಿಯ ಕಡೆಗೆ ರೈಫಲ್ ಹಿಡಿದು ರಾತ್ರಿಯೆಲ್ಲಾ ಕಾದರು. ಬೆಳಗಾದ ಮೇಲೆ ಸಾವಿರಾರು ಬಿಳಿಯರು ಹಳಿ ದಾಟಿ ನುಗ್ಗಿದರು. ಮನೆ ಲೂಟಿ ಮಾಡಿ ಬೆಂಕಿ ಇಟ್ಟರು.

ಸಂಜೆಯ ಹೊತ್ತಿಗೆ 35 ಬ್ಲಾಕ್ ಬೂದಿಯಾಗಿತ್ತು. ರೆಡ್ ಕ್ರಾಸ್ ಲೆಕ್ಕದಲ್ಲಿ ಸುಟ್ಟ ಮನೆಗಳೇ 1,256. ಸತ್ತವರು 100ರಿಂದ 300 ಎಂದು ಇತಿಹಾಸಕಾರರ ಅಂದಾಜು. ಬದುಕುಳಿದ ಸಾವಿರಾರು ಜನರನ್ನು ಕಾವಲಿನಲ್ಲಿ ಇಟ್ಟರು. ಬಿಳಿಯ ಮಾಲೀಕನೋ ಬೇರೆ ಬಿಳಿಯನೋ ಬಂದು ಜಾಮೀನು ನಿಂತರೆ ಮಾತ್ರ ಹೊರಗೆ ಬಿಡುತ್ತಿದ್ದರು.

ಡ್ರೀಮ್‌ಲ್ಯಾಂಡ್ ಸುಟ್ಟುಹೋಯಿತು. ಐಸ್‌ಕ್ರೀಂ ಅಂಗಡಿ ಮತ್ತು ಅದರ ಮೇಲಿನ ಮನೆಯೂ ಹೋದವು.

ವಿಮೆ ಇತ್ತಲ್ಲ, ದುಡ್ಡು ಯಾಕೆ ಬರಲಿಲ್ಲ?

ಬೆಂಕಿ ವಿಮೆ ಮಾಡಿಸಿದ ಅಂಗಡಿಗೆ ಬೆಂಕಿ ಬಿದ್ದರೆ ದುಡ್ಡು ಬರಬೇಕು. ಇದು ಸಾಮಾನ್ಯ ತಿಳಿವಳಿಕೆ. ಆದರೆ ಪಾಲಿಸಿ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು. ದಂಗೆಯಿಂದ ಆದ ನಷ್ಟಕ್ಕೆ ಕಂಪನಿ ಹೊಣೆಯಲ್ಲ.

ಈ ಸಾಲಿನ ತೂಕ ಗೊತ್ತಾಗಬೇಕಾದರೆ ಇನ್ನೊಂದು ಥಿಯೇಟರಿನ ಕೇಸು ನೋಡಬೇಕು. ಗ್ರೀನ್‌ವುಡ್‌ನಲ್ಲೇ ಡಿಕ್ಸಿ ಅನ್ನುವ ಥಿಯೇಟರ್ ಇತ್ತು. ಅದರ ಮಾಲೀಕ ವಿಲಿಯಂ ರೆಡ್‌ಫರ್ನ್ ಒಬ್ಬ ಬಿಳಿಯ. ಅವರ ಥಿಯೇಟರೂ ಹೋಟೆಲೂ ಸುಟ್ಟಿದ್ದವು. ಕಂಪನಿ ದುಡ್ಡು ಕೊಡಲಿಲ್ಲ. ರೆಡ್‌ಫರ್ನ್ ಕೋರ್ಟಿಗೆ ಹೋದರು. ಬೆಂಕಿ ಇಟ್ಟವರು ಬ್ಯಾಡ್ಜ್ ಹಾಕಿಕೊಂಡಿದ್ದರು, ಅಧಿಕಾರ ಪಡೆದವರು ಇಟ್ಟ ಬೆಂಕಿ ದಂಗೆ ಹೇಗಾಗುತ್ತದೆ ಅನ್ನುವುದು ಅವರ ವಾದ. 1926ರಲ್ಲಿ ಓಕ್ಲಹೋಮ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ಬಿಳಿಯ ಮಾಲೀಕನೇ ಸೋತ ಮೇಲೆ ಕಪ್ಪು ಮಾಲೀಕರ ಗತಿ ಏನು? ಉಳಿದ ದಾವೆಗಳೂ ಬಿದ್ದುಹೋದವು.

ಹಾಗಾಗಿ ಆ ಘಟನೆಯನ್ನು ಏನಂತ ಕರೆಯಬೇಕು ಅನ್ನುವುದು ಬರೀ ಮಾತಿನ ಜಗಳ ಅಲ್ಲ. ದಶಕಗಳ ಕಾಲ ಅದಕ್ಕೆ 'ಟಲ್ಸಾ ಜನಾಂಗೀಯ ದಂಗೆ' ಅಂತಲೇ ಹೆಸರು. ಈಗ 'ಹತ್ಯಾಕಾಂಡ' ಅನ್ನುತ್ತಾರೆ. ದಂಗೆ ಎಂಬ ಒಂದು ಪದ ಪಾಲಿಸಿಯೊಳಗೆ ಕೂತು ನೂರಾರು ಕುಟುಂಬಗಳ ದುಡ್ಡನ್ನು ತಡೆದಿತ್ತು.

ನಗರಸಭೆಗೂ ಜನ ಪರಿಹಾರ ಕೇಳಿದರು. ಮಂಜೂರಾಗಿದ್ದು ಒಬ್ಬ ಬಿಳಿಯ ವ್ಯಾಪಾರಿಗೆ. ಅವನ ಗಿರವಿ ಅಂಗಡಿಯಿಂದ ಆ ರಾತ್ರಿ ಬಂದೂಕು, ಗುಂಡುಗಳನ್ನು ಹೊತ್ತೊಯ್ದಿದ್ದರು.

ಇದರ ಮೇಲೆ ನಗರಸಭೆ ಹೊಸ ನಿಯಮ ತಂದಿತು. ಸುಟ್ಟ ಜಾಗದಲ್ಲಿ ಕಟ್ಟುವುದಾದರೆ ಬೆಂಕಿಗೆ ಜಗ್ಗದ ಸಾಮಗ್ರಿಯಲ್ಲೇ ಕಟ್ಟಬೇಕು. ಕೇಳಲು ಇದು ಸುರಕ್ಷತೆಯ ಮಾತು. ಆದರೆ ಮನೆಮಠ ಕಳೆದುಕೊಂಡು ಡೇರೆಯಲ್ಲಿ ಮಲಗಿದವರ ಹತ್ತಿರ ಇಟ್ಟಿಗೆ, ಕಾಂಕ್ರೀಟಿಗೆ ದುಡ್ಡು ಎಲ್ಲಿಂದ ಬರಬೇಕು? ಜಾಗ ಮಾರಿಕೊಂಡು ಹೋಗಲಿ ಅನ್ನುವುದೇ ಅದರ ಒಳಗಿನ ಲೆಕ್ಕ. ಬಿ.ಸಿ. ಫ್ರಾಂಕ್ಲಿನ್ ಎಂಬ ಕಪ್ಪು ವಕೀಲರು ಡೇರೆಯಲ್ಲೇ ಮೇಜು ಹಾಕಿ, ಕೇಸು ನಡೆಸಿ, ಆ ನಿಯಮವನ್ನು ಹೊಡೆದುಹಾಕಿಸಿದರು.

ಮತ್ತೆ ತೆರೆದ ಬಾಗಿಲು

1922ರಲ್ಲಿ ಡ್ರೀಮ್‌ಲ್ಯಾಂಡ್ ಮತ್ತೆ ಎದ್ದು ನಿಂತಿತು. ಅದೇ ಬೀದಿ, ಅದೇ ಹೆಸರು. ಬೂದಿಯಿಂದ ಎದ್ದ ಕಥೆ ಎಲ್ಲರಿಗೂ ಇಷ್ಟ. ಆದರೆ ಎದ್ದಿದ್ದು ಸಾಲದ ಮೇಲೆ. ವಿಮೆಯ ದುಡ್ಡು ಬಂದಿದ್ದರೆ ಸಾಲ ಬೇಕಾಗುತ್ತಿರಲಿಲ್ಲ. ಲೂಲಾ ಅವರ ಆರೋಗ್ಯ ಕೆಡುತ್ತಾ ಹೋಯಿತು. 1927ರಲ್ಲಿ ತೀರಿಕೊಂಡರು.

ಗ್ರೀನ್‌ವುಡ್ ಮಾತ್ರ ಛಲ ಬಿಡಲಿಲ್ಲ. 1925ರಲ್ಲೇ ಕಪ್ಪು ವ್ಯಾಪಾರಿಗಳ ರಾಷ್ಟ್ರೀಯ ಸಂಘದ ಸಮಾವೇಶ ಅಲ್ಲಿ ನಡೆಯಿತು. 1940ರ ದಶಕದಲ್ಲಿ 200ಕ್ಕೂ ಜಾಸ್ತಿ ವ್ಯಾಪಾರಗಳು ಅಲ್ಲಿದ್ದವು.

ಮೇಷ್ಟ್ರ ಆಲ್ಬಮ್

ಆ ರಾತ್ರಿ ಥಿಯೇಟರಿನಲ್ಲಿ ಕೂತಿದ್ದ ಬಿಲ್ ಮುಂದೆ ಟಲ್ಸಾದ ಬುಕರ್ ಟಿ. ವಾಷಿಂಗ್ಟನ್ ಹೈಸ್ಕೂಲಿನಲ್ಲಿ ಮೇಷ್ಟ್ರಾದರು. ಆ ಹೊತ್ತಿಗೆ ಊರಿನಲ್ಲಿ 1921ರ ಮಾತೇ ಇರಲಿಲ್ಲ. ಬಿಳಿಯರು ನಾಚಿಕೆಗೋ ಕೇಸಿನ ಹೆದರಿಕೆಗೋ ಸುಮ್ಮನಿದ್ದರು. ಮತ್ತೆ ಹಾಗೇ ಆದೀತು ಅನ್ನುವ ಭಯಕ್ಕೆ ಕಪ್ಪು ಹಿರಿಯರು ಮಕ್ಕಳಿಗೆ ಹೇಳುತ್ತಿರಲಿಲ್ಲ.

1950ರ ದಶಕದಲ್ಲಿ ಒಂದು ದಿನ ಬಿಲ್ ಮೇಷ್ಟ್ರು ಕ್ಲಾಸಿನಲ್ಲಿ ಆ ಕಥೆ ಹೇಳಿದರು. ಡಾನ್ ರಾಸ್ ಎಂಬ ಹುಡುಗ ಎದ್ದು, ಇದೆಲ್ಲಾ ಸುಳ್ಳು, ಕಟ್ಟುಕಥೆ ಅಂದುಬಿಟ್ಟ. ಮೇಷ್ಟ್ರು ಬೈಯಲಿಲ್ಲ. ಮಾರನೇ ದಿನ ಕರೆದು ಒಂದು ಆಲ್ಬಮ್ ಕೈಗಿಟ್ಟರು. ಸುಟ್ಟ ಕಟ್ಟಡಗಳು, ಹೆಣಗಳು. ಅಂಥ ಫೋಟೋಗಳನ್ನು ಆ ಕಾಲದಲ್ಲಿ ಪೋಸ್ಟ್‌ಕಾರ್ಡ್ ಮಾಡಿ ಮಾರಿದ್ದರು.

ಆ ಹುಡುಗ ಬೆಳೆದು ಓಕ್ಲಹೋಮ ಶಾಸಕರಾದರು. 1997ರಲ್ಲಿ ಈ ಘಟನೆಯ ತನಿಖೆಗೆ ರಾಜ್ಯ ಆಯೋಗ ರಚಿಸಿದ್ದರಲ್ಲಿ ಅವರ ಪಾತ್ರ ದೊಡ್ಡದು. ಆಯೋಗದ ವರದಿ 2001ರಲ್ಲಿ ಬಂತು. ಇವತ್ತಿನ ಕೋರ್ಟ್ ಕೇಸು, ಟ್ರಸ್ಟ್, ಎಲ್ಲಕ್ಕೂ ಆ ವರದಿ ಬುನಾದಿ.

ಬೇಲಿ ಬಿದ್ದ ಮೇಲೆ ಥಿಯೇಟರ್‌ಗಳು ಯಾಕೆ ಮುಚ್ಚಿದವು?

1964ರ ನಾಗರಿಕ ಹಕ್ಕು ಕಾಯ್ದೆ ಸಿನಿಮಾ ಥಿಯೇಟರ್‌ಗಳ ಹೆಸರು ಹೇಳಿಯೇ ಬೇಧಭಾವ ನಿಷೇಧಿಸಿತು. ಇದು ದೊಡ್ಡ ಗೆಲುವು. ಆದರೆ ಇದರಿಂದ ಕಪ್ಪು ಜನರ ಥಿಯೇಟರ್‌ಗಳಿಗೆ ಪೆಟ್ಟು ಬಿತ್ತು. ಹಳಿಯ ಆಚೆಗಿನ ದೊಡ್ಡ ಥಿಯೇಟರಿನಲ್ಲಿ ಹೊಸ ಸಿನಿಮಾ ಮೊದಲ ವಾರವೇ ಬರುತ್ತದೆ, ಈಗ ಅಲ್ಲಿಗೆ ಮುಂಬಾಗಿಲಿನಿಂದಲೇ ಹೋಗಬಹುದು ಅಂದಾಗ ಜನ ಹೋದರು. ಆದರೆ ಬಿಳಿಯ ಪ್ರೇಕ್ಷಕರು ಈ ಕಡೆ ಬರಲಿಲ್ಲ. ಗಿರಾಕಿ ಒಂದೇ ದಿಕ್ಕಿಗೆ ಹರಿದರು. ಮನೆಮನೆಗೆ ಟಿವಿ ಬಂದು ಉಳಿದದ್ದನ್ನೂ ಕಿತ್ತುಕೊಂಡಿತು.

ಗ್ರೀನ್‌ವುಡ್‌ಗೆ ಇದರ ಮೇಲೆ ಇನ್ನೊಂದು ಬಂತು. ಹೆದ್ದಾರಿ. ಹಳೆಯ ಬಡಾವಣೆಗಳನ್ನು ಕೆಡವಿ ಹೊಸದು ಕಟ್ಟುವ ಸರ್ಕಾರಿ ಕಾರ್ಯಕ್ರಮಕ್ಕೆ ಅಲ್ಲಿ 'ನಗರ ನವೀಕರಣ' ಅಂತ ಹೆಸರು. ರಸ್ತೆ ಅಗಲ ಮಾಡುವಾಗ ಗೋಡೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕುವುದನ್ನು ನೋಡಿದವರಿಗೆ ಇದು ಹೇಗಿರುತ್ತದೆ ಅಂತ ಗೊತ್ತು. 1960ರ ದಶಕದ ಕೊನೆಯಿಂದ ಐ-244 ಎಂಬ ಹೆದ್ದಾರಿ ಗ್ರೀನ್‌ವುಡ್‌ನ ಎದೆಯ ಮೇಲೇ ಹಾದುಹೋಯಿತು. ಬೂದಿಯಿಂದ ಮತ್ತೆ ಕಟ್ಟಿದ್ದನ್ನು ಈ ಸಲ ಪರಿಹಾರದ ಚೆಕ್ಕು ಕೊಟ್ಟು, ಕಾಗದದ ಮೇಲೆ ಎಲ್ಲಾ ಸರಿಯಾಗಿ ಬರೆದು ಕೆಡವಿದರು.

ಬೇರೆ ಊರುಗಳಲ್ಲಿ ಇಂಥ ಕೆಲವು ಥಿಯೇಟರ್‌ಗಳು ಉಳಿದಿವೆ. ವಾಷಿಂಗ್ಟನ್ ನಗರದಲ್ಲಿ 1922ರ ಲಿಂಕನ್ ಥಿಯೇಟರ್ ರಿಪೇರಿಯಾಗಿ 1994ರಲ್ಲಿ ತೆರೆಯಿತು. ಜಾರ್ಜಿಯಾ ರಾಜ್ಯದ ಮೇಕನ್‌ನಲ್ಲಿ ಡಗ್ಲಸ್ ಥಿಯೇಟರ್ 1997ರಲ್ಲಿ, ವರ್ಜೀನಿಯಾದ ನಾರ್ಫೋಕ್‌ನಲ್ಲಿ 1919ರ ಅಟಕ್ಸ್ ಥಿಯೇಟರ್ 2004ರಲ್ಲಿ ಮತ್ತೆ ತೆರೆದವು. ಅಲ್ಲಿ ಇವತ್ತಿಗೂ ಪರದೆ ಏಳುತ್ತದೆ.

ಈಗ ಅಲ್ಲಿ ಏನಿದೆ?

ಗ್ರೀನ್‌ವುಡ್ ಮತ್ತು ಆರ್ಚರ್ ಮೂಲೆಯಲ್ಲಿ 1921ರ ನಂತರ ಕಟ್ಟಿದ ಇಟ್ಟಿಗೆ ಕಟ್ಟಡಗಳ ಒಂದು ಸಣ್ಣ ಸಾಲು ಉಳಿದಿದೆ. ಅದರ ಎದುರು 2021ರಲ್ಲಿ ಗ್ರೀನ್‌ವುಡ್ ರೈಸಿಂಗ್ ಎಂಬ ಇತಿಹಾಸ ಕೇಂದ್ರ ತೆರೆದಿದೆ. ಅಲ್ಲಿಂದ ಉತ್ತರಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ತಲೆಯ ಮೇಲೆ ಹೆದ್ದಾರಿಯ ಸೇತುವೆ. ಡ್ರೀಮ್‌ಲ್ಯಾಂಡ್ ಇಲ್ಲ.

ಫುಟ್‌ಪಾತಿನಲ್ಲಿ ಅಲ್ಲಲ್ಲಿ ಪುಟ್ಟ ಲೋಹದ ಫಲಕಗಳನ್ನು ಹುದುಗಿಸಿದ್ದಾರೆ. ಪ್ರತಿ ಫಲಕದ ಮೇಲೆ ಆ ಜಾಗದಲ್ಲಿ ಇದ್ದ ಅಂಗಡಿಯ ಹೆಸರು, ಕೆಳಗೆ '1921ರಲ್ಲಿ ನಾಶವಾಯಿತು' ಎಂಬ ಸಾಲು. ಅದರ ಕೆಳಗೆ ಇನ್ನೊಂದು. ಕೆಲವಕ್ಕೆ 'ಮತ್ತೆ ತೆರೆಯಿತು', ಕೆಲವಕ್ಕೆ 'ಮತ್ತೆ ತೆರೆಯಲಿಲ್ಲ'. ಡ್ರೀಮ್‌ಲ್ಯಾಂಡ್‌ಗೂ ಒಂದು ಫಲಕ ಇದೆ. ಆಮೇಲೆ ಬಂದ ಹೆದ್ದಾರಿಯ ಬಗ್ಗೆ ಆ ಫಲಕಗಳಲ್ಲಿ ಏನೂ ಬರೆದಿಲ್ಲ. ಅದರ ಸದ್ದು ಮೇಲಿನಿಂದ ಕೇಳಿಸುತ್ತಲೇ ಇರುತ್ತದೆ.